ರಾಜ ಒಂದೇ ಸಲ ಹಾರಬಹುದು

ನನ್ನ ಬಳಿ ಹದಿಮೂರು ನೋಟ್‌ಬುಕ್‌ಗಳಿವೆ. ದಿನಕ್ಕೊಂದು ಪುಟ, ತಿಂಗಳ ಕೊನೆಗೆ ಒಂದು ಮೊತ್ತ. ಎಷ್ಟು ಪುಸ್ತಕ ಓದಿದೆ, ಎಷ್ಟು ಸಲ ಬಸ್ಸು ತಪ್ಪಿಸಿಕೊಂಡೆ, ಎಷ್ಟು ಆಟ ಗೆದ್ದೆ, ಎಷ್ಟು ಸೋತೆ, ಎಲ್ಲವೂ ಅಲ್ಲಿದೆ. ಅವುಗಳಲ್ಲಿ ಮೂರನೆಯದನ್ನು ನಾನು ಬಹಳ ವರ್ಷ ತೆರೆದಿರಲಿಲ್ಲ. ಅದರ ನಡುವಿನ ಎರಡು ಪುಟಗಳಲ್ಲಿ ಒಂದು ಪಟ್ಟಿ ಇದೆ. ಮೇಲೆ ಕೆಂಪು ಪೆನ್ನಿನಲ್ಲಿ, ಅಡಿಗೆರೆ ಹಾಕಿ, ‘ಅಪ್ಪ ಮತ್ತು ಅತ್ತೆ ಚೆಸ್‌ನಲ್ಲಿ ಮಾಡುವ ತಪ್ಪುಗಳು’ ಎಂದು ಬರೆದಿದ್ದೇನೆ. ಒಂಬತ್ತು ಆಟ, ನಲವತ್ತೊಂದು ತಪ್ಪು.

ಆಗ ನನಗೆ ಹದಿನೈದು ವರ್ಷ. ಬೇಸಿಗೆ ರಜೆಗೆ ಮದಲೂರಿನ ಅತ್ತೆಯ ಮನೆಗೆ ಹೋಗಿದ್ದೆವು. ಅತ್ತೆ ಅಪ್ಪನ ಅಕ್ಕ, ಅವನಿಗಿಂತ ಐದು ವರ್ಷ ದೊಡ್ಡವಳು. ಇಬ್ಬರೂ ಬಲಸಮುದ್ರದ ಬಯಲಿನಲ್ಲಿ ಕುರಿ ಮೇಯಿಸಿಕೊಂಡು ಬೆಳೆದವರು. ಅಜ್ಜ ಕುರಿ ಮಾರಲು ಶಿರಾ ಸಂತೆಗೆ ಹೋದಾಗ ಅಲ್ಲಿನ ಒಬ್ಬ ಸಾಬರ ಜೊತೆ ಕೂತು ಚದುರಂಗ ಕಲಿತು ಬಂದನಂತೆ. ಜಾಲಿಯ ಕಟ್ಟಿಗೆಯಲ್ಲಿ ಕಾಯಿ ಕೆತ್ತಿ ಮಗಳಿಗೆ ಕಲಿಸಿದ. ಅವಳು ತಮ್ಮನಿಗೆ ಕಲಿಸಿದಳು. ಅತ್ತೆ ಮದುವೆಯಾಗಿ ಬರುವಾಗ ಆ ಕಾಯಿಗಳನ್ನು ಹಾಲಿನ ಪುಡಿಯ ಡಬ್ಬಿಯಲ್ಲಿ ತುಂಬಿಕೊಂಡು ಬಂದಿದ್ದಳು. ಅಪ್ಪ ವರ್ಷಕ್ಕೆ ಮೂರು ನಾಲ್ಕು ಸಲ ಅಕ್ಕನನ್ನು ನೋಡಲು ಬಂದಾಗೆಲ್ಲ ಡಬ್ಬಿ ಕೆಳಗಿಳಿಯುತ್ತಿತ್ತು.

ನಾನು ಆ ವರ್ಷ ಶಾಲೆಯಲ್ಲಿ ಚೆಸ್ ಕಲಿತಿದ್ದೆ. ನಿಯಮಗಳ ಒಂದು ಸಣ್ಣ ಪುಸ್ತಕ ಬಾಯಿಪಾಠವಾಗಿತ್ತು. ಇವರ ಆಟ ನೋಡಿ ನನಗೆ ಸಹಿಸಲಾಗಲಿಲ್ಲ. ಶುರುವಿನಲ್ಲಿ ಇಬ್ಬರೂ ಎರಡೆರಡು ಸಿಪಾಯಿಗಳನ್ನು ಒಟ್ಟಿಗೇ ನಡೆಸುತ್ತಿದ್ದರು. ಸಿಪಾಯಿ ಯಾವಾಗಲೂ ಒಂದೇ ಮನೆ. ಎಲ್ಲಕ್ಕಿಂತ ಹೆಚ್ಚಾಗಿ, ರಾಜ ಇದ್ದಕ್ಕಿದ್ದಂತೆ ಕುದುರೆಯ ಹಾಗೆ ಹಾರಿಬಿಡುತ್ತಿದ್ದ. ನಾನು ಮೂರು ದಿನ ಪಕ್ಕದಲ್ಲಿ ಕೂತು ಗೀಟು ಹಾಕಿದೆ. ನಾಲ್ಕನೆಯ ದಿನ ಜಗಲಿಯಲ್ಲಿ ಎಲ್ಲರೂ ಕೂತಿದ್ದಾಗ ನಿಂತು ಪಟ್ಟಿ ಓದಿದೆ. ಒಂದರಿಂದ ನಲವತ್ತೊಂದರವರೆಗೆ.

ಹತ್ತನೆಯದರವರೆಗೆ ಅತ್ತೆ ನಗುತ್ತಿದ್ದಳು. ಕೊನೆಗೆ ಕೇಳಿದಳು, “ಇಷ್ಟ್ ವರ್ಷ ನಾವ್ ಆಡಿದ್ದೆಲ್ಲ ತಪ್ಪೇನಮ್ಮಾ?”

“ಹೌದು ಅತ್ತೆ. ಎಲ್ಲಾ ತಪ್ಪು.”

“ಅಂಗಾದ್ರೆ ನಮ್ಗೆ ಆಟ ಬರಲ್ಲ ಬುಡು,” ಎಂದು ಅತ್ತೆ ಕಾಯಿಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿದಳು. ಡಬ್ಬಿ ಅಟ್ಟಕ್ಕೆ ಹೋಯಿತು. ಆ ದಿನದ ಪುಟದಲ್ಲಿ ‘ಪಟ್ಟಿ ಓದಿದೆ, ಎಲ್ಲರೂ ಕೇಳಿದರು’ ಎಂದಷ್ಟೇ ಇದೆ.

ಆಮೇಲೆ ಎಂಟು ವರ್ಷ ಅವಳು ಆಡಲಿಲ್ಲ.

ಪಟ್ಟಿಯ ಮೂರನೆಯ ತಪ್ಪು ಹೀಗಿತ್ತು: ‘ಯಾವಾಗಲೂ ಪಕ್ಕದಿಂದ ಶುರುಮಾಡುತ್ತಾರೆ. ನಡುಮನೆಗಳನ್ನು ಎದುರಾಳಿಗೆ ಬಿಟ್ಟುಕೊಡುತ್ತಾರೆ.’ ತುಮಕೂರಿನಲ್ಲಿ ಡಿಗ್ರಿ ಓದುವಾಗ ಕಾಲೇಜಿನ ಚೆಸ್ ಮೇಷ್ಟ್ರು ಒಂದು ಮಧ್ಯಾಹ್ನ ಹೊಸ ಪಾಠ ಮಾಡಿದರು. ಬಲಗಡೆಯ ಕುದುರೆಯ ಮುಂದಿನ ಸಿಪಾಯಿಯನ್ನು ಒಂದೇ ಒಂದು ಮನೆ ನಡೆಸಿದರು. ಅದು ಬಿಟ್ಟ ಜಾಗಕ್ಕೆ ಒಂಟೆಯನ್ನು ಸರಿಸಿದರು. “ನೋಡಿ, ನಡುವೆ ನುಗ್ಗಬೇಕಾಗಿಲ್ಲ. ಇದು ಫ್ಲ್ಯಾಂಕ್ ಓಪನಿಂಗ್. ಪಕ್ಕದಲ್ಲಿ ಕೂತು ಈ ಮೂಲೆಯಿಂದ ಆ ಮೂಲೆಯವರೆಗೆ ಕಣ್ಣಿಡೋದು. ದೊಡ್ಡ ದೊಡ್ಡವರು ಆಡ್ತಾರೆ,” ಎಂದರು. ಸುತ್ತ ಎಲ್ಲರೂ ಬರೆದುಕೊಳ್ಳುತ್ತಿದ್ದರು. ನಾನು ಬರೆಯಲಿಲ್ಲ. ಅದು ಅತ್ತೆಯ ಆಟ. ಒಂಟೆ ಅದೇ ಮನೆಯಲ್ಲಿ ಕೂರುತ್ತಿದ್ದುದನ್ನು ಒಂಬತ್ತು ಆಟದಲ್ಲಿ ಒಂಬತ್ತು ಸಲ ನೋಡಿದ್ದೆ.

ಆ ಸಂಜೆಯೇ ಅತ್ತೆಗೆ ಫೋನ್ ಮಾಡಿ ಹೇಳಿದೆ. “ಓದ್ದೋರ್ ಆಡೋ ಆಟ ಬ್ಯಾರೆ, ನಮ್ದು ಬ್ಯಾರೆ. ನಮ್ದು ತಪ್ಪಾಟ,” ಎಂದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಕ್ಷಮೆ ಕೇಳುವುದು ಸುಲಭವಾಗುತ್ತಿತ್ತು. ಅವಳು ನಿಜವಾಗಿಯೂ ನಂಬಿಬಿಟ್ಟಿದ್ದಳು.

ಈಗ ನಾನು ಕೊರಟಗೆರೆಯ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಅಪ್ಪ ಕುರಿಗಳನ್ನು ಮಾರಿ ಪಾವಗಡದ ಸೋಲಾರ್ ಪಾರ್ಕಿನಲ್ಲಿ ಹಗಲು ಪಾಳಿಯ ಗಾರ್ಡ್ ಆಗಿದ್ದಾನೆ. ಫಲಕಗಳು ಬರುವ ರಟ್ಟಿನ ಮೇಲೆ ಇದ್ದಿಲಿನಿಂದ ಅರವತ್ತನಾಲ್ಕು ಮನೆ ಬರೆದುಕೊಂಡು, ಊಟದ ಹೊತ್ತಿನಲ್ಲಿ ತನ್ನ ವಿರುದ್ಧ ತಾನೇ ಆಡುತ್ತಾನೆ. ಕಳೆದ ದಸರಾ ರಜೆಯಲ್ಲಿ ಮೂವರೂ ಮದಲೂರಿನಲ್ಲಿ ಸೇರಿದ್ದಾಗ, ಮಧುಗಿರಿಯಲ್ಲಿ ಡಿಸೆಂಬರಿನ ಒಂದು ಭಾನುವಾರ ಚೆಸ್ ಟೂರ್ನಮೆಂಟ್ ಇದೆ, ಯಾರು ಬೇಕಾದರೂ ಸೇರಬಹುದು ಎಂದು ನಾನು ಹೇಳಿದೆ.

ಅಪ್ಪ ಅಕ್ಕನ ಕಡೆ ತಿರುಗಿದ. “ಅಕ್ಕಾ, ಆ ಟೂರ್ನಮೆಂಟ್‌ನಾಗೆ ನಿನ್ನಾಟ ಆಡಿ ಒಂದ್ ಗೇಮ್ ಗೆದ್ಕಂಡ್ ಬಂದ್ರೆ ಡಬ್ಬಿ ಇಳಿಸ್ತೀಯಾ?”

“ನೀನಾ? ಎಬಿಸಿಡಿ ಬರ್ದೆ ಇರೋನು?”

“ಕೇಳಿದ್ದಕ್ ಹೇಳು.”

“ಗೆದ್ಕಂಡ್ ಬಾ, ನೋಡಾನ,” ಎಂದು ಅತ್ತೆ ಎದ್ದು ಒಳಗೆ ಹೋದಳು. ಹೋಗುವಾಗ ಒಂದು ಕ್ಷಣ ಅಟ್ಟದ ಕಡೆ ನೋಡಿದ್ದನ್ನು ನಾನು ಕಂಡೆ.

ಏಳು ಭಾನುವಾರ ಅಪ್ಪ ಪಾವಗಡದಿಂದ ಬೆಳಗಿನ ಬಸ್ಸು ಹಿಡಿದು ಕೊರಟಗೆರೆಯ ನನ್ನ ಕೋಣೆಗೆ ಬಂದ. ಐದನೆಯ ಭಾನುವಾರ ಕೋಣೆಯಲ್ಲಿ ಸೆಕೆ ಎಂದು ಸಿದ್ದರಬೆಟ್ಟಕ್ಕೆ ಹೋಗಿ ಮೆಟ್ಟಿಲ ಮೇಲೆ ಆಡಿದೆವು. ಹತ್ತುವವರೆಲ್ಲ ನಿಂತು ಒಂದೊಂದು ಸಲಹೆ ಕೊಟ್ಟು ಹೋದರು. ಒಟ್ಟು ಮೂವತ್ತನಾಲ್ಕು ಆಟ. ಎರಡು ಸಿಪಾಯಿ ಒಟ್ಟಿಗೆ ನಡೆಸುವುದು ಮೂರನೆಯ ವಾರಕ್ಕೆ ನಿಂತಿತು. ರಾಜ ಹಾರುವುದು ಮಾತ್ರ ಬೇಗ ನಿಲ್ಲಲಿಲ್ಲ. ಮೊದಲ ವಾರ ನಾಲ್ಕು ಸಲ, ಎರಡನೆಯ ವಾರ ನಾಲ್ಕು, ಆಮೇಲೆ ಎರಡು, ಎರಡು, ಒಂದು, ಒಂದು. ಏಳನೆಯ ವಾರ ಸೊನ್ನೆ. ಈ ಲೆಕ್ಕವನ್ನು ಅಪ್ಪನಿಗೆ ತೋರಿಸದೆ ಹನ್ನೆರಡನೆಯ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ, ಪೆನ್ಸಿಲ್‌ನಲ್ಲಿ ಬರೆದೆ.

“ಸಿಪಾಯೀನ ಎರಡು ಮನೆ ತಳ್ಳಪ್ಪಾ. ನಡು ಹಿಡಿದ್ಕೋಬಹುದು,” ಎಂದು ಒಂದೆರಡು ಸಲ ಹೇಳಿ ನೋಡಿದೆ.

“ಕುರೀನ ನಡುವಿಂದ ನೂಕಿದ್ರೆ ಹಿಂಡು ಒಡ್ದು ಎರಡಾಗ್ತದೆ ಕಣಮ್ಮ. ಪಕ್ಕದಾಗೇ ನಡೀಬೇಕು,” ಎಂದ. ಮತ್ತೆ ಹೇಳಲಿಲ್ಲ ನಾನು.

ಅಪ್ಪ ಆಟದ ಪ್ರತಿ ನಡೆಯನ್ನೂ ಬರೆದುಕೊಳ್ಳುತ್ತೇನೆಂದು ಹಟ ಹಿಡಿದಿದ್ದ. ಅಕ್ಕನಿಗೆ ಓದಿ ಹೇಳಬೇಕಲ್ಲ. ನಾಲ್ಕನೆಯ ಕ್ಲಾಸಿನವರೆಗೆ ಓದಿದವನು. ಮಣೆಯ ಎಂಟು ಸಾಲುಗಳಿಗೆ ಇಂಗ್ಲಿಷ್ ಅಕ್ಷರದ ಬದಲು ಅ ಆ ಇ ಈ ಉ ಊ ಎ ಏ ಎಂದು ಹೆಸರಿಟ್ಟುಕೊಂಡ. ‘ಒಂಟೆ ಎ-೨’ ಎಂದು ಬರೆಯುವಷ್ಟರಲ್ಲಿ ಎದುರಿನವರು ಎರಡು ನಡೆ ಯೋಚಿಸಿ ಮುಗಿಸಿರುತ್ತಿದ್ದರು.

ಟೂರ್ನಮೆಂಟ್ ಮಧುಗಿರಿಯ ಒಂದು ಸಮುದಾಯ ಭವನದಲ್ಲಿತ್ತು. ನಾನೂ ಹೆಸರು ಕೊಟ್ಟಿದ್ದೆ. ಇಪ್ಪತ್ತೇಳು ಜನ, ಐದು ಸುತ್ತು, ಒಬ್ಬೊಬ್ಬರಿಗೆ ಅರ್ಧ ಗಂಟೆ. ತೀರ್ಪುಗಾರರು ಮೈಕಿನಲ್ಲಿ ನಿಯಮ ಹೇಳಿದರು. ಮುಟ್ಟಿದ ಕಾಯಿಯನ್ನೇ ನಡೆಸಬೇಕು. ತಪ್ಪು ನಡೆ ನಡೆಸಿದರೆ ಎದುರಾಳಿ ಕೈ ಎತ್ತಿ ಕರೆಯಬೇಕು. ಕರೆಯದೆ ತನ್ನ ನಡೆ ನಡೆಸಿಬಿಟ್ಟರೆ ಆ ತಪ್ಪು ಹಾಗೇ ಉಳಿಯುತ್ತದೆ.

ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ. ಇಡೀ ಹಾಲಿನಲ್ಲಿ ನಡೆ ಬರೆಯುತ್ತಿದ್ದವನು ಅವನೊಬ್ಬನೇ. ಮೊದಲ ಸುತ್ತು ಸೋತ, ಎರಡನೆಯದೂ ಸೋತ. ಎರಡರಲ್ಲೂ ಗಡಿಯಾರ ಮುಗಿದು ಸೋತದ್ದು. ಮೂರನೆಯ ಸುತ್ತಿನಲ್ಲಿ ಅವನಿಗೆ ಜೊತೆ ಸಿಗಲಿಲ್ಲ, ಆಡದೆ ಒಂದು ಅಂಕ ಬಂತು. “ಇದು ಲೆಕ್ಕಕ್ಕಿಲ್ಲ,” ಎಂದ. ನಾಲ್ಕನೆಯದರಲ್ಲಿ ಒಬ್ಬರು ಬ್ಯಾಂಕಿನವರು ಸೋಲಿಸಿದರು. ನನ್ನ ಆಟ ಮುಗಿದಾಗಲೆಲ್ಲ ಹೋಗಿ ಅವನ ಹಿಂದೆ ನಿಂತು ನೋಡುತ್ತಿದ್ದೆ. ರಾಜ ಒಮ್ಮೆಯೂ ಹಾರಿರಲಿಲ್ಲ. ನನ್ನದೂ ದೊಡ್ಡ ಸಾಧನೆಯೇನಲ್ಲ, ನಾಲ್ಕು ಸುತ್ತಿಗೆ ಒಂದೂವರೆ ಅಂಕ.

ಕೊನೆಯ ಸುತ್ತಿನ ಜೋಡಿಗಳ ಹಾಳೆಯನ್ನು ಗೋಡೆಗೆ ಅಂಟಿಸಿದರು. ಹನ್ನೊಂದನೆಯ ಮೇಜು: ಬಿಳಿ ಅಪ್ಪ, ಕಪ್ಪು ನಾನು.

ಗೆಲ್ಲಲು ಅವನಿಗೆ ಉಳಿದಿದ್ದದ್ದು ಅದೊಂದೇ ಆಟ. ನನ್ನ ಮುಖದಲ್ಲಿ ಏನು ಕಂಡಿತೋ, ಅಪ್ಪ ಹತ್ತಿರ ಬಂದು ಮೆಲ್ಲಗೆ ಹೇಳಿದ, “ಬೇಕಂತ ಸೋತ್ಯೋ, ಅರ್ಧಕ್ಕೇ ಎದ್ದೋಗ್ತೀನಿ. ಸರಿಯಾಗಿ ಆಡು.”

“ಆಯ್ತಪ್ಪ.”

“ನಿಜವಾಗ್ಲೂ.”

“ಆಯ್ತು ಅಂದ್ನಲ್ಲ.”

ಕೈ ಕುಲುಕಬೇಕು ಎಂದು ಹೇಳಿಕೊಟ್ಟಿದ್ದವಳು ನಾನೇ. ಅಪ್ಪನ ಕೈ ಕುಲುಕಿದ್ದು ಅದೇ ಮೊದಲು. ಅವನು ಬಲಗಡೆಯ ಕುದುರೆಯ ಮುಂದಿನ ಸಿಪಾಯಿಯನ್ನು ಒಂದು ಮನೆ ನಡೆಸಿದ, ಗಡಿಯಾರ ಒತ್ತಿದ, ಬರೆದುಕೊಂಡ. ನಾನು ನಡುವಿನ ಸಿಪಾಯಿಯನ್ನು ಎರಡು ಮನೆ ತಳ್ಳಿದೆ. ಅವನು ಒಂಟೆಯನ್ನು ಪಕ್ಕಕ್ಕೆ ಸರಿಸಿದ. ನಾನು ಎರಡನೆಯ ಸಿಪಾಯಿಯನ್ನೂ ನಡುವಿಗೆ ತಂದೆ. ಅವನು ಎಡಗಡೆಯಲ್ಲೂ ಹಾಗೆಯೇ ಒಂದು ಮನೆ ನಡೆಸಿ ಇನ್ನೊಂದು ಒಂಟೆಯನ್ನು ಕೂರಿಸಿದ. ನನ್ನ ಸೈನ್ಯ ನಡುವೆ ದೊಡ್ಡದಾಗಿ ನಿಂತಿತ್ತು. ಅವನದು ಎರಡೂ ಬದಿಯಲ್ಲಿ ಸುಮ್ಮನೆ ನೋಡುತ್ತಿತ್ತು.

ಹತ್ತನೆಯ ನಡೆಯ ಹೊತ್ತಿಗೆ ಅಪ್ಪ ಗುನುಗಲು ಶುರುಮಾಡಿದ. ಹಾಡೇನಲ್ಲ, ಕುರಿಗಳನ್ನು ನೀರಿಗೆ ಕರೆಯುವಾಗ ಬರುವ ಒಂದು ದನಿ. ಹಿಂದಿನ ಮೂರೂ ಆಟಗಳಲ್ಲಿ ಅವನು ಗುನುಗಿರಲಿಲ್ಲ. ಈಗ ಹಾಲು, ಮೈಕು, ಗಡಿಯಾರ ಯಾವುದೂ ಅವನಿಗೆ ಕಾಣುತ್ತಿಲ್ಲ ಎಂದು ತಿಳಿಯಿತು.

ಹತ್ತೊಂಬತ್ತನೆಯ ನಡೆಯಲ್ಲಿ ನಡುವಿನ ನನ್ನ ಒಂದು ಕುದುರೆ ಪಕ್ಕಕ್ಕೆ ಸರಿಯಿತು. ದಾರಿ ತೆರೆಯಿತು. ಅಷ್ಟು ಹೊತ್ತು ಅಲುಗದೆ ಕೂತಿದ್ದ ಅವನ ಒಂಟೆ ಆ ಮೂಲೆಯಿಂದ ಈ ಮೂಲೆಗೆ ಬಂದು ನನ್ನ ಆನೆಯನ್ನು ತಿಂದಿತು. ನಾನು ಬೇಕೆಂದು ಮಾಡಿದ್ದಲ್ಲ, ನೋಡಿರಲಿಲ್ಲ ಅಷ್ಟೇ. ಅಪ್ಪ ಗೆಲ್ಲುತ್ತಿದ್ದ. ನಿಜವಾಗಿ ಗೆಲ್ಲುತ್ತಿದ್ದ.

ಇಪ್ಪತ್ತಮೂರನೆಯ ನಡೆಯಲ್ಲಿ ನಾನು ರಾಣಿಯಿಂದ ಚೆಕ್ ಕೊಟ್ಟೆ. ದೊಡ್ಡ ಅಪಾಯವೇನಿರಲಿಲ್ಲ, ಒಂದು ಸಿಪಾಯಿಯನ್ನು ಅಡ್ಡ ಇಟ್ಟಿದ್ದರೆ ಮುಗಿಯುತ್ತಿತ್ತು. ಅಪ್ಪ ಗುನುಗುತ್ತಲೇ ರಾಜನನ್ನು ಎತ್ತಿದ. ಎರಡು ಮನೆ ಮುಂದಕ್ಕೆ, ಒಂದು ಮನೆ ಪಕ್ಕಕ್ಕೆ. ಇಟ್ಟ. ಗಡಿಯಾರ ಒತ್ತಿದ. ಬರೆಯಲು ತಲೆ ಬಗ್ಗಿಸಿದ.

ರಾಜ ಹಾರಿದ್ದ.

ತೀರ್ಪುಗಾರರು ಹಾಲಿನ ಆ ತುದಿಯಲ್ಲಿದ್ದರು. ಪಕ್ಕದ ಮೇಜಿನವರು ತಮ್ಮ ಆಟದಲ್ಲಿದ್ದರು. ನಾನು ಯಾವುದಾದರೂ ಒಂದು ಕಾಯಿ ನಡೆಸಿದರೆ ಸಾಕು, ಆ ನಡೆ ಉಳಿಯುತ್ತಿತ್ತು. ಬೇಕಂತ ಸೋಲಬೇಡ ಎಂದಿದ್ದ. ಆದರೆ ಇದು ಸೋಲುವುದಲ್ಲ, ಕೈ ಎತ್ತದೇ ಇರುವುದು, ಎಂದು ನನಗೆ ನಾನೇ ಹೇಳಿಕೊಂಡೆ. ಅಂಚಿನ ಒಂದು ಸಿಪಾಯಿಯ ಕಡೆ ಕೈ ಚಾಚಿದೆ.

ಅಪ್ಪನ ಪೆನ್ನು ನಿಂತಿತು. ‘ರಾಜ’ ಎಂದು ಬರೆದಾಗಿತ್ತು, ಮನೆಯ ಹೆಸರು ಬರೆಯಬೇಕಿತ್ತು. ಪೆನ್ನಿನ ತುದಿಯಿಂದ ಮನೆಗಳನ್ನು ಎಣಿಸಿದ. ಮತ್ತೊಮ್ಮೆ ಎಣಿಸಿದ.

“ನೀ ನೋಡ್ಲಿಲ್ವಾ?”

ನಾನು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ.

“ನೋಡ್ದೆ ತಾನೆ? ನಲ್ವತ್ತೊಂದು ಹಿಡ್ದೋಳು ಒಂದ್ ಬುಟ್ಬುಡ್ತಿದ್ಯಾ?” ಅವನು ನಗುತ್ತಿದ್ದ. “ಹೋಗ್ಲಿ ಬುಡು, ಅಳಬ್ಯಾಡ ಈಗ.”

ನಾನು ಅಳುತ್ತಿರಲಿಲ್ಲ. ಅಳು ಬರುವಂತೆ ಕಾಣುತ್ತಿದ್ದೆನೇನೋ. ಅಪ್ಪ ಕೈ ಎತ್ತಿದ.

“ಏನ್ ಯಜಮಾನ್ರೇ?” ತೀರ್ಪುಗಾರರು ಬಂದರು.

“ಸಾರ್, ನಮ್ ರಾಜ ಕುದ್ರೆ ತರ ಹಾರ್ಬುಟ್ಟ.”

“ಎದುರಿನವರು ಕರೆದ್ರಾ?”

“ಇಲ್ಲ ಸಾರ್. ನಾನೇ ಕರ್ದೆ.”

ಅವರು ಒಂದು ಕ್ಷಣ ಅಪ್ಪನನ್ನೇ ನೋಡಿದರು. ನನಗೆ ಎರಡು ನಿಮಿಷ ಹೆಚ್ಚು ಕೊಟ್ಟು, ರಾಜನನ್ನು ಹಿಂದಿನ ಮನೆಯಲ್ಲಿಟ್ಟು, ಮುಟ್ಟಿದ್ದರಿಂದ ರಾಜನನ್ನೇ ನಡೆಸಬೇಕು ಎಂದರು. ಸಿಪಾಯಿ ಅಡ್ಡ ಇಡುವ ಹಾಗಿರಲಿಲ್ಲ. ರಾಜ ಪಕ್ಕದ ಮನೆಗೆ ಸರಿದ. ನನ್ನ ಕುದುರೆ ಜಿಗಿದು ಅವನ ರಾಜನನ್ನೂ ರಾಣಿಯನ್ನೂ ಒಟ್ಟಿಗೆ ಹಿಡಿಯಿತು. ಒಂಬತ್ತು ನಡೆಗಳ ನಂತರ ಅಪ್ಪ ಸೋತ. ಒಂಬತ್ತನ್ನೂ ಬರೆದುಕೊಂಡ.

ಮರುದಿನ ಸೋಮವಾರ ಇಬ್ಬರೂ ರಜೆ ಹಾಕಿ ಶಿರಾ ಬಸ್ಸು ಹತ್ತಿದೆವು. ಗೆದ್ದಿಲ್ಲವಲ್ಲ, ಯಾಕೆ ಹೋಗುವುದು ಎಂದು ನಾನು ಕೇಳಲಿಲ್ಲ. ಅಪ್ಪನ ಅಂಗಿಯ ಜೇಬಿನಲ್ಲಿ ಮಡಿಸಿದ ಹಾಳೆಗಳಿದ್ದವು.

ಅತ್ತೆ ಜಗಲಿಯಲ್ಲಿ ಮೊರ ಮುಂದಿಟ್ಟುಕೊಂಡು ಕಡಲೆಕಾಯಿ ಸುಲಿಯುತ್ತಿದ್ದಳು.

“ಗೆದ್ದ್ಯೇನ್ಲಾ?”

“ಇಲ್ಲಕ್ಕ. ನಾಕು ಸೋತೆ. ಒಂದು ಆಡ್ದಲೇ ಬಂತು.”

“ಕೊನೇದ್ ಯಾರ್ ಸೋಲಿಸಿದ್ದು?”

ಅಪ್ಪ ಗದ್ದದಿಂದ ನನ್ನ ಕಡೆ ತೋರಿಸಿದ. ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಬಾರಮ್ಮ ಸೊಸೆ. ಸದ್ಯ, ನಂಗೊಬ್ಬ ಮಗ ಇಲ್ಲ. ಇದ್ದಿದ್ರೆ ನಿನ್ನೇ ತಂದ್ಕಂಡು, ಸಾರಿಗ್ ಉಪ್ಪಾಕಿದ್ಕೂ ಪಟ್ಟಿ ಬರಸ್ಕಬೇಕಿತ್ತು.”

“ಓದ್ಲಾ?” ಎಂದ ಅಪ್ಪ.

“ಓದು. ಕೈ ಸುಮ್ಕಿಲ್ವಲ್ಲ, ಕಿವಿ ಸುಮ್ಕೇ ಐತೆ.”

ಅಪ್ಪ ಓದತೊಡಗಿದ. ನಂದು ಇದು, ಇವಳದು ಅದು. ಅತ್ತೆ ತಲೆ ಎತ್ತದೆ ಸುಲಿಯುತ್ತಿದ್ದಳು. ಮಣೆಯಿಲ್ಲ, ಕಾಯಿಯಿಲ್ಲ, ಅವಳಿಗೆ ಏನು ತಿಳಿದೀತು ಎಂದುಕೊಂಡೆ. ಹದಿನಾಲ್ಕನೆಯ ನಡೆಯಲ್ಲಿ “ಅಲ್ಲಿ ಇವ್ಳ ಕುದ್ರೆ ಅಡ್ಡ ಐತಲ್ಲಾ. ಅದು ಸರಿಯೋಗಂಟ ಕಾಯ್ಬೇಕು,” ಎಂದಳು. ನಾನು ಬೆಚ್ಚಿಬಿದ್ದೆ. ಎಲ್ಲ ಕಾಯಿಗಳೂ ಅವಳ ಕಣ್ಣಮುಂದೆ ಇದ್ದವು.

“ಹತ್ತೊಂಬತ್ತು,” ಎಂದ ಅಪ್ಪ. “ಕುದ್ರೆ ಸರೀತು. ಒಂಟೆ ಆನೆ ತಿಂತು.”

“ಮೂಲೆ ಒಂಟೇನಾ?” ಅತ್ತೆ ನಕ್ಕುಬಿಟ್ಟಳು. “ಅಂಗೆ! ಕುಂತಿದ್ದಕ್ಕೆ ಸಿಕ್ತು ನೋಡು.”

ಅಪ್ಪ ಮುಂದಕ್ಕೆ ಓದಿದ. ಇಪ್ಪತ್ತಮೂರಕ್ಕೆ ಬಂದಾಗ ಅವನ ದನಿ ತಗ್ಗಿತು. “ಇವ್ಳು ಶಾ ಕೊಟ್ಲು. ನಾನು ರಾಜನ್ನ ಹಾರಿಸ್ದೆ. ಅವ್ರ ಆಟದಾಗೆ ಹಾರಂಗಿಲ್ಲ. ಅಲ್ಲೇ ಕೆಡ್ತು.”

ಅವರ ಮಾತಿನಲ್ಲಿ ಶಾ ಎಂದರೆ ಚೆಕ್. ಅತ್ತೆಯ ಕೈ ನಿಂತಿತು. ತಲೆ ಎತ್ತಿದಳು.

“ಶಾ ಬಿದ್ಮೇಲೆ ಹಾರಿಸ್ದ್ಯಾ?”

“ಹೂಂ.”

“ಎಲಾ ಇವ್ನ! ಶಾ ಬೀಳೋ ಮುಂಚೆ ಒಂದೇ ಒಂದ್ ಸಲ ಹಾರ್‌ಬೋದು, ಬಿದ್ಮೇಲೆ ಹಾರಂಗಿಲ್ಲ ಅಂತ ನಾನ್ ನಿಂಗೆ ಕಿವಿ ಹಿಂಡಿ ಹೇಳ್ಕೊಟ್ಟಿರ್ಲಿಲ್ವೇನ್ಲಾ? ಅವ್ರ ಆಟದಾಗ್ ತಪ್ಪು ಅಂತಾನೆ. ನಮ್ಮಾಟದಾಗೂ ತಪ್ಪು ಕಣ್ಲಾ ಅದು!”

ಅಪ್ಪ ಬಾಯಿ ತೆರೆದು ಅವಳನ್ನೇ ನೋಡಿದ. “ಅಂಗಿತ್ತಾ?”

“ಅಂಗಿತ್ತಾ ಅಂತೆ! ಈವತ್ತು ಹಿಂಗಾದ್ರೆ ನಾಳೆ ಎಂಗೆ ಆಡ್ತೀಯ? ಲೇ, ಎದ್ದು ಡಬ್ಬಿ ಇಳ್ಸು.”

“ಗೆದ್ಕಂಡ್ ಬಂದ್ರೆ ಅಂದಿದ್ದೆ...”

“ಗೆಲ್ಲಾದ್ ಮನೆ ಹಾಳಾಗ್ಲಿ. ತಪ್ಪಾಡ್ಕಂಡ್ ಓಡಾಡ್ತಾನೆ, ಸುಮ್ನೆ ಬುಡಕ್ಕಾಯ್ತದಾ?”

ಅಪ್ಪ ಅಟ್ಟಕ್ಕೆ ಏಣಿ ಹಾಕಿದ. ನಾನು ಕೂತಲ್ಲೇ ಮೂರನೆಯ ನೋಟ್‌ಬುಕ್ಕನ್ನು ನೆನೆಯುತ್ತಿದ್ದೆ. ನಲವತ್ತೊಂದರಲ್ಲಿ ಹನ್ನೊಂದು ಬರೀ ‘ರಾಜ ಹಾರಿದ’ ಎಂದಿದ್ದವು. ಯಾವಾಗ ಹಾರಿದ, ಅದಕ್ಕೆ ಮೊದಲು ಚೆಕ್ ಆಗಿತ್ತೇ, ಒಂದನ್ನೂ ಬರೆದಿರಲಿಲ್ಲ. ಆ ಹಾರಾಟಕ್ಕೆ ಒಂದು ಕಟ್ಟಳೆ ಇದ್ದೀತು ಎಂಬುದೇ ನನಗೆ ಹೊಳೆದಿರಲಿಲ್ಲ.

“ಅತ್ತೆ, ನಿಮ್ಮಾಟದಲ್ಲಿ ಇನ್ನೂ ಏನೇನು ನಿಯಮ ಇದಾವೆ?”

“ಬೇಕಾದಷ್ಟವೆ.”

“ಅವತ್ತು ಯಾಕೆ ಹೇಳ್ಲಿಲ್ಲ?”

“ನೀ ಕೇಳಿದ್ಯಾ?”

“ಕೇಳ್ಲಿಲ್ಲ,” ಎಂದೆ. “ತಪ್ಪಾಯ್ತತ್ತೆ.”

ಅತ್ತೆ ಮೊರವನ್ನು ಪಕ್ಕಕ್ಕೆ ಸರಿಸಿ ನನಗೆ ಎದುರಿನಲ್ಲಿ ಜಾಗ ಮಾಡಿದಳು.

ಡಬ್ಬಿಯ ಮುಚ್ಚಳ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಅಪ್ಪ ಕಲ್ಲಿನಿಂದ ಕುಟ್ಟಿ ತೆಗೆದ. ಸಿಪಾಯಿಗಳಲ್ಲಿ ಒಂದು ಕಡಿಮೆ, ಅತ್ತೆ ಆ ಮನೆಗೆ ಒಂದು ಕಡಲೆಕಾಯಿ ಇಟ್ಟಳು. ಕೈಗಳು ಎಂಟು ವರ್ಷ ಬಿಟ್ಟವರ ಹಾಗಿರಲಿಲ್ಲ. “ಮೊದ್ಲು ಎರಡೆರಡು ಸಿಪಾಯಿ ಒಟ್ಟಿಗೆ. ಒಂದೊಂದೇ ಮನೆ. ನಡಸು,” ಎಂದಳು.

ನಾನು ಅಭ್ಯಾಸಬಲದಿಂದ ಒಂದನ್ನು ಎರಡು ಮನೆ ತಳ್ಳಿದೆ.

ಅತ್ತೆ ಮೊರದಿಂದ ಒಂದು ಕಡಲೆಕಾಯಿ ತೆಗೆದು ಮಣೆಯ ಪಕ್ಕದಲ್ಲಿ ಇಟ್ಟಳು. “ಒಂದು,” ಎಂದಳು.

ಅಪ್ಪ ಕಂಬಕ್ಕೆ ಒರಗಿ ಕೂತು ಹೊಟ್ಟೆ ಹಿಡಿದು ನಕ್ಕ. ನಾನು ಕ್ಯಾಸ್ಲಿಂಗ್ ಮಾಡಲು ಹೋದೆ. ರಾಜನೂ ಆನೆಯೂ ಒಟ್ಟಿಗೆ ಜಾಗ ಬದಲಿಸುವುದು ಅಲ್ಲಿಲ್ಲ. ಎರಡು. ಕೊನೆಯ ಸಾಲು ಮುಟ್ಟಿದ ನನ್ನ ಸಿಪಾಯಿ ಕುದುರೆಯ ಮನೆಯಲ್ಲಿತ್ತು, ನಾನು ಅದನ್ನು ರಾಣಿ, ಅವರ ಮಾತಿನಲ್ಲಿ ಮಂತ್ರಿ, ಮಾಡಿದೆ. “ಕುದ್ರೆ ಮನೇಗ್ ಬಂದೋನು ಕುದ್ರೆನೇ ಆಗ್ಬೇಕು ಕಣಮ್ಮ. ಬಂದ್ ಬಂದೋರೆಲ್ಲ ಮಂತ್ರಿ ಆದ್ರೆ ಸವಾರಿ ಮಾಡೋರ್ಯಾರು?” ಐದು.

ಮಧ್ಯಾಹ್ನದ ಮೂರರ ಹೊತ್ತಿಗೆ ಅತ್ತೆ ಗೆದ್ದಳು. ಅವಳ ಒಂಟೆ ಮೂಲೆ ಬಿಟ್ಟು ಕದಲಿದ್ದು ಎರಡೇ ಸಲ. ಅವಳ ರಾಜ ಒಮ್ಮೆ ಹಾರಿದ, ಚೆಕ್ ಬೀಳುವ ಮೊದಲು. ಹಾರಿಸುವಾಗ ತಮ್ಮನ ಕಡೆ ನೋಡಿ, “ಇಂಗೆ,” ಎಂದಳು.

ನಾನು ಹದಿಮೂರನೆಯ ನೋಟ್‌ಬುಕ್ ತೆಗೆದು ಅವಳ ನಿಯಮಗಳನ್ನು ಬರೆದುಕೊಂಡೆ. ಇಪ್ಪತ್ತೆರಡಾದವು. ಇನ್ನೂ ಇವೆ, ನೆನಪಾದಾಗ ಫೋನ್ ಮಾಡುತ್ತೇನೆ ಎಂದಳು. ಅದರ ಕೆಳಗೆ ಆ ದಿನದ ಲೆಕ್ಕ ಹಾಕಿದೆ. ಆಟ ಒಂದು. ನನ್ನ ತಪ್ಪು ಏಳು.

ಬಸ್ಸಿಗೆ ಹೊತ್ತಾಗಿತ್ತು. ನಾನು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಾಗ ಅತ್ತೆ ಮಣೆಯ ಪಕ್ಕದ ಆ ಏಳು ಕಡಲೆಕಾಯಿಗಳನ್ನು ಒಂದೊಂದಾಗಿ ಸುಲಿದಳು. ಸಿಪ್ಪೆ ಊದಿ, ಬೀಜಗಳನ್ನೆಲ್ಲ ನನ್ನ ಅಂಗೈಗೆ ಹಾಕಿ ಬೆರಳು ಮುಚ್ಚಿದಳು.

“ದಾರೀಲಿ ತಿನ್ಕಂಡೋಗು,” ಎಂದಳು.